ಒಂದು ಸಮಸ್ಯೆ, ಎರಡು ದಾರಿ: ಅಬ್ಬಾಸ್ ಕಿಯಾರೊಸ್ತಮಿಯ ಹೆಚ್ಚು ಪರಿಚಿತವಲ್ಲದ ಚಿತ್ರಗಳು



ಮೇಷ್ಟ್ರು ಕರಿಹಲಗೆಯ ಕಡೆ ತಿರುಗಿ ಚಿತ್ರ ಬರೆಯುತ್ತಿದ್ದಾರೆ. ಹಿಂದಿನ ಬೆಂಚಿನಲ್ಲಿ ಯಾರೋ ತಾಳ ಹಾಕಿದಂತೆ ಡೆಸ್ಕು ಕುಟ್ಟುತ್ತಾರೆ. ಮೇಷ್ಟ್ರು ತಿರುಗಿದರೆ ಸದ್ದು ನಿಲ್ಲುತ್ತದೆ, ಹಲಗೆಯ ಕಡೆ ಮುಖ ಮಾಡಿದರೆ ಮತ್ತೆ ಶುರುವಾಗುತ್ತದೆ. "ಯಾರದು?" ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಹಿಂದೆ ಕುಳಿತವರೆಲ್ಲ ಹೊರಗೆ ಹೋಗಬೇಕು. ತಪ್ಪು ಮಾಡಿದವನ ಹೆಸರು ಹೇಳಿದರೆ ಒಳಗೆ ಬರಬಹುದು, ಇಲ್ಲವಾದರೆ ಒಂದು ವಾರ ಹೊರಗೇ ಇರಬೇಕು. ಹೊರಗೆ ನಿಂತವರಲ್ಲಿ ನೀವೂ ಒಬ್ಬರು, ಕುಟ್ಟಿದವನು ಯಾರೆಂಬುದು ನಿಮಗೆ ಗೊತ್ತು. ಹೆಸರು ಹೇಳುತ್ತೀರಾ?

1979ರಲ್ಲಿ ಇರಾನಿನ ಒಬ್ಬ ನಿರ್ದೇಶಕರು ಈ ಪ್ರಶ್ನೆಯನ್ನು ತಮ್ಮ ದೇಶದ ಮಂತ್ರಿಗಳು, ನ್ಯಾಯಾಧೀಶರು, ಧರ್ಮಗುರುಗಳು ಮತ್ತು ಕಲಾವಿದರ ಮುಂದಿಟ್ಟು ಅವರ ಉತ್ತರಗಳನ್ನು ಚಿತ್ರೀಕರಿಸಿದರು. ಆ ಚಿತ್ರ ನಿಷೇಧಕ್ಕೆ ಒಳಗಾಗಿ ದಶಕಗಳ ಕಾಲ ಕಣ್ಮರೆಯಾಯಿತು. ಅದನ್ನು ಮಾಡಿದವರು ಅಬ್ಬಾಸ್ ಕಿಯಾರೊಸ್ತಮಿ. ಆ ಚಿತ್ರದ ಕಥೆಗೆ ಆಮೇಲೆ ಬರೋಣ. ಅದಕ್ಕೂ ಮೊದಲು, ಇಂಥದೊಂದು ಪ್ರಶ್ನೆಯನ್ನು ಕೇಳುವ ಹಂತಕ್ಕೆ ಅವರು ಹೇಗೆ ಬಂದರು ಎಂಬುದನ್ನು ನೋಡೋಣ.

ಪ್ರಸಿದ್ಧಿಯ ಹಿಂದಿನ ಇಪ್ಪತ್ತು ವರ್ಷ

ಕಲಾತ್ಮಕ ಚಿತ್ರಗಳಲ್ಲಿ ಆಸಕ್ತಿ ಇರುವವರಿಗೆ ಕಿಯಾರೊಸ್ತಮಿಯ ಹೆಸರು ಹೊಸದಲ್ಲ. 1987ರ 'ಗೆಳೆಯನ ಮನೆ ಎಲ್ಲಿ?', 1990ರ 'ಕ್ಲೋಸ್-ಅಪ್', 1997ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಹಂಚಿಕೊಂಡ 'ಟೇಸ್ಟ್ ಆಫ್ ಚೆರ್ರಿ' - ಚಲನಚಿತ್ರ ಸಮಾಜಗಳಲ್ಲಿ ಮತ್ತೆ ಮತ್ತೆ ಚರ್ಚೆಯಾಗುವ ಚಿತ್ರಗಳು ಇವು. ಆದರೆ ಅವರು 1970ರಿಂದಲೇ ಚಿತ್ರಗಳನ್ನು ಮಾಡುತ್ತಿದ್ದರು ಎಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ. ಆ ಚಿತ್ರಗಳಲ್ಲಿ ಹೆಚ್ಚಿನವು ಚಿಕ್ಕವು; ನಾಲ್ಕೈದು ನಿಮಿಷದವೂ ಇವೆ. ಅವುಗಳಲ್ಲಿ ಬಹುಪಾಲು ನಿಮ್ಮಂಥ ವಿದ್ಯಾರ್ಥಿಗಳ ಕುರಿತಾದವು, ವಿದ್ಯಾರ್ಥಿಗಳಿಗಾಗಿಯೇ ಮಾಡಿದವು.

ಕಿಯಾರೊಸ್ತಮಿ ಹುಟ್ಟಿದ್ದು 1940ರಲ್ಲಿ, ಟೆಹರಾನ್ ನಗರದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಲಲಿತಕಲೆ ಓದಿದರು. ಓದಿನ ಖರ್ಚಿಗಾಗಿ ಸಂಚಾರ ಪೊಲೀಸ್ ಇಲಾಖೆಯಲ್ಲಿ ದುಡಿದರು. ಆಮೇಲೆ ಜಾಹೀರಾತು ಚಿತ್ರಗಳನ್ನು ಮಾಡಿದರು, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದರು. ಆ ಹೊತ್ತಿಗೆ ಇರಾನಿನಲ್ಲಿ ಮಕ್ಕಳ ಮತ್ತು ಕಿಶೋರರ ಬೌದ್ಧಿಕ ವಿಕಾಸಕ್ಕೆಂದು 1965ರಲ್ಲಿ ಆರಂಭವಾದ ಒಂದು ಸಂಸ್ಥೆ ಇತ್ತು. ಅದು ಗ್ರಂಥಾಲಯಗಳನ್ನು ನಡೆಸುತ್ತಿತ್ತು, ಪುಸ್ತಕಗಳನ್ನು ಪ್ರಕಟಿಸುತ್ತಿತ್ತು. ಅಲ್ಲಿ ಚಲನಚಿತ್ರ ವಿಭಾಗವನ್ನು ಕಟ್ಟಿದವರಲ್ಲಿ ಕಿಯಾರೊಸ್ತಮಿ ಮುಖ್ಯರು. ಜನ ಆ ಸಂಸ್ಥೆಯನ್ನು ಚಿಕ್ಕದಾಗಿ 'ಕಾನೂನ್' ಎಂದು ಕರೆಯುತ್ತಾರೆ. ನಾವು ಕನ್ನಡದಲ್ಲಿ ಬಳಸುವ 'ಕಾನೂನು' ಇದಲ್ಲ. ನಮ್ಮ 'ಕಾನೂನು' ಅರಬ್ಬಿ-ಪಾರಸಿಯಿಂದ ಬಂದ ಬೇರೊಂದು ಪದ. ಅಲ್ಲಿ ಅದರ ಕಾಗುಣಿತವೇ ಬೇರೆ. ಈ 'ಕಾನೂನ್' ಎಂದರೆ ಒಲೆ, ಕೇಂದ್ರ, ಜನ ಸೇರುವ ಜಾಗ.

ಸರ್ಕಾರದ ಆಶ್ರಯದಲ್ಲಿದ್ದ ಸಂಸ್ಥೆ ಮಕ್ಕಳಿಗೆ ಚಿತ್ರ ಮಾಡಿಕೊಡಿ ಎಂದರೆ ಏನನ್ನು ಬಯಸುತ್ತದೆ ಎಂಬುದು ನಮಗೆ, ಟಿ.ವಿ.ಯಲ್ಲಿ ಕೆಲಸ ಮಾಡುವವರಿಗೆ, ಚೆನ್ನಾಗಿ ಗೊತ್ತು. ಹಲ್ಲುಜ್ಜಿರಿ, ಜಗಳವಾಡಬೇಡಿ, ಸಾಲಿನಲ್ಲಿ ನಿಲ್ಲಿ. ಕಿಯಾರೊಸ್ತಮಿ ಅಂಥ ವಿಷಯಗಳನ್ನು ಬೇಡವೆನ್ನಲಿಲ್ಲ. ಹಲ್ಲಿನ ಆರೋಗ್ಯದ ಮೇಲೂ 1980ರಲ್ಲಿ ಒಂದು ಚಿತ್ರ ಮಾಡಿದರು. ಆದರೆ ನೀತಿಯನ್ನು ಬಾಯಿಪಾಠ ಮಾಡಿಸುವ ಬದಲು ನೋಡುವವರ ಮುಂದೆ ಒಂದು ಪ್ರಯೋಗವನ್ನು ಇಟ್ಟರು.

ಬ್ರೆಡ್ಡು, ಗಲ್ಲಿ ಮತ್ತು ಒಂದು ನಾಯಿ

ಅವರ ಮೊದಲ ಚಿತ್ರ 1970ರ 'ಬ್ರೆಡ್ಡು ಮತ್ತು ಗಲ್ಲಿ'. ಕಪ್ಪು ಬಿಳುಪಿನ, ಹತ್ತು ಹನ್ನೆರಡು ನಿಮಿಷದ ಚಿತ್ರ. ಹುಡುಗನೊಬ್ಬ ಬ್ರೆಡ್ಡು ತೆಗೆದುಕೊಂಡು ಗಲ್ಲಿಗಳಲ್ಲಿ ಮನೆಗೆ ಬರುತ್ತಿದ್ದಾನೆ. ದಾರಿಯಲ್ಲಿ ಒಂದು ನಾಯಿ ಬೊಗಳುತ್ತದೆ. ಹುಡುಗ ಹೆದರಿ ನಿಲ್ಲುತ್ತಾನೆ. ಒಬ್ಬ ಮುದುಕ ಆ ಕಡೆ ಬಂದಾಗ ಅವನ ಹಿಂದೆ ಹೊರಡುತ್ತಾನೆ. ಆದರೆ ಮುದುಕ ನಡುವೆಯೇ ಬೇರೆ ದಾರಿ ಹಿಡಿಯುತ್ತಾನೆ. ಕೊನೆಗೆ ಹುಡುಗ ಬ್ರೆಡ್ಡಿನ ತುಂಡೊಂದನ್ನು ನಾಯಿಯ ಕಡೆ ಎಸೆಯುತ್ತಾನೆ. ನಾಯಿ ಬಾಲ ಅಲ್ಲಾಡಿಸುತ್ತಾ ಅವನ ಮನೆಯವರೆಗೂ ಬರುತ್ತದೆ.

ಇಲ್ಲಿಗೆ ಮುಗಿದಿದ್ದರೆ ಇದು 'ಪ್ರಾಣಿಗಳಿಗೆ ದಯೆ ತೋರಿ' ಎಂಬ ಪಾಠವಾಗುತ್ತಿತ್ತು. ಆದರೆ ಹುಡುಗ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ನಾಯಿ ಬಾಗಿಲ ಬಳಿಯೇ ಮಲಗುತ್ತದೆ. ಅಷ್ಟರಲ್ಲಿ ಇನ್ನೊಬ್ಬ ಹುಡುಗ ಕೈಯಲ್ಲಿ ಬಟ್ಟಲು ಹಿಡಿದು ಬರುತ್ತಾನೆ. ನಾಯಿ ಎದ್ದು ಅವನ ಮೇಲೆ ಬೊಗಳುತ್ತದೆ. ಒಬ್ಬನ ಸಮಸ್ಯೆ ಬಗೆಹರಿಯಿತು. ಅದೇ ಸಮಸ್ಯೆ ಇನ್ನೊಬ್ಬನ ಪಾಲಿಗೆ ಬಂತು. ಎರಡನೆಯ ಹುಡುಗ ಏನು ಮಾಡಿದ? ಚಿತ್ರ ಹೇಳುವುದಿಲ್ಲ.

ಹುಡುಗ ಮನೆ ಸೇರುವುದು, ನಾಯಿ ಬಾಗಿಲಲ್ಲಿ ಮಲಗುವುದು - ಇವೆಲ್ಲವನ್ನೂ ಬೇರೆ ಬೇರೆ ತುಣುಕುಗಳಾಗಿ ತೆಗೆಯೋಣ ಎಂದು ಅನುಭವಸ್ಥ ಛಾಯಾಗ್ರಾಹಕರು ಹೇಳಿದರಂತೆ. ಅದು ಸುಲಭದ ದಾರಿ. ಹುಡುಗನನ್ನು ಒಂದು ದಿನ, ನಾಯಿಯನ್ನು ಇನ್ನೊಂದು ದಿನ ಚಿತ್ರೀಕರಿಸಿ ಸಂಕಲನದಲ್ಲಿ ಜೋಡಿಸಿದರೆ ಆಯಿತು. ಆದರೆ ಕಿಯಾರೊಸ್ತಮಿ ಒಪ್ಪಲಿಲ್ಲ. ಹುಡುಗ ಮತ್ತು ನಾಯಿ ಒಂದೇ ಚೌಕಟ್ಟಿನಲ್ಲಿ, ಒಂದೇ ಷಾಟ್‌ನಲ್ಲಿ ಇದ್ದರೆ ಮಾತ್ರ ನೋಡುವವರಿಗೆ ಆತಂಕ ಹುಟ್ಟುತ್ತದೆ ಎಂಬುದು ಅವರ ವಾದ. ನಾಯಿಗೆ ಸಂಭಾಷಣೆ ಹೇಳಿಕೊಡುವಂತಿಲ್ಲವಲ್ಲ! ಆ ದೃಶ್ಯ ಕೂಡಿಬರಲು ಸುಮಾರು ನಲವತ್ತು ದಿನ ಕಾದೆವು ಎಂದು ಅವರು ನೆನಪಿಸಿಕೊಂಡಿದ್ದಾರೆ. ಕತ್ತರಿಸದೆ, ನಡೆಯುವುದನ್ನು ನಡೆಯುವಂತೆಯೇ ನೋಡುವುದು ಮುಂದೆ ಅವರ ಚಿತ್ರಗಳ ಗುರುತಾಯಿತು.

ಒಂದು ಅಂಶ ಬದಲಿಸಿ ನೋಡಿ

ನಾನು ಪದವಿಯಲ್ಲಿ ವಿಜ್ಞಾನ ಓದಿ ಟಿ.ವಿ.ಗೆ ಬಂದವನು. ಪ್ರಯೋಗಶಾಲೆಯಲ್ಲಿ ನಮಗೆ ಮೊದಲು ಕಲಿಸುವ ನಿಯಮ ನಿಮಗೂ ಗೊತ್ತಿರಬೇಕು. ಒಂದು ಅಂಶದ ಪರಿಣಾಮ ತಿಳಿಯಬೇಕಾದರೆ ಅದೊಂದನ್ನು ಮಾತ್ರ ಬದಲಿಸಬೇಕು, ಉಳಿದದ್ದೆಲ್ಲ ಇದ್ದಂತೆಯೇ ಇರಬೇಕು. ಗಿಡ ಬೆಳೆಯಲು ಬೆಳಕು ಬೇಕೇ ಎಂದು ತಿಳಿಯಲು ಒಂದು ಕುಂಡವನ್ನು ಬಿಸಿಲಿನಲ್ಲಿ, ಇನ್ನೊಂದನ್ನು ಕತ್ತಲಲ್ಲಿ ಇಡುತ್ತೇವೆ. ಮಣ್ಣು, ನೀರು ಎರಡಕ್ಕೂ ಒಂದೇ.

1975ರ 'ಒಂದು ಸಮಸ್ಯೆಗೆ ಎರಡು ಪರಿಹಾರ' ಇಂಥದೇ ಒಂದು ಪ್ರಯೋಗ. ಚಿತ್ರದ ಅವಧಿ ಸುಮಾರು ಐದು ನಿಮಿಷ. ದಾರಾ ಮತ್ತು ನಾದಿರ್ ಎಂಬ ಇಬ್ಬರು ಸಹಪಾಠಿಗಳು. ಒಬ್ಬ ತಾನು ಪಡೆದಿದ್ದ ಪುಸ್ತಕವನ್ನು ಹರಿದ ಸ್ಥಿತಿಯಲ್ಲಿ ಹಿಂದಿರುಗಿಸುತ್ತಾನೆ. ಮೊದಲ ಪರಿಹಾರ: ಇನ್ನೊಬ್ಬ ಸೇಡಿಗೆ ಅವನ ಪುಸ್ತಕ ಹರಿಯುತ್ತಾನೆ. ಅಲ್ಲಿಂದ ಪೆನ್ಸಿಲ್, ಚೀಲ, ಅಂಗಿ, ಕೊನೆಗೆ ಮೈಮೇಲೆ ಪೆಟ್ಟು. ಯಾರಿಗೆ ಎಷ್ಟು ನಷ್ಟವೆಂದು ಚಿತ್ರ ಅಂಗಡಿಯ ಲೆಕ್ಕದಂತೆ ಒಪ್ಪಿಸುತ್ತದೆ. ಎರಡನೆಯ ಪರಿಹಾರ: ಹರಿದವನು ಅಂಟು ಹಚ್ಚಿ ಪುಸ್ತಕವನ್ನು ಸರಿಮಾಡುತ್ತಾನೆ, ಇಬ್ಬರೂ ಗೆಳೆಯರಾಗಿಯೇ ಉಳಿಯುತ್ತಾರೆ. ಹುಡುಗರು ಅವರೇ, ಪುಸ್ತಕ ಅದೇ. ಬದಲಾದದ್ದು ಮೊದಲ ಪ್ರತಿಕ್ರಿಯೆ ಮಾತ್ರ. 'ಸೇಡು ಕೆಟ್ಟದ್ದು' ಎಂದು ಯಾರೂ ಉಪದೇಶ ಮಾಡುವುದಿಲ್ಲ. ಲೆಕ್ಕ ನೋಡಿ ತೀರ್ಮಾನ ಮಾಡಬೇಕಾದವರು ನೀವು.

ಅದೇ ವರ್ಷದ 'ನನಗೂ ಬರುತ್ತದೆ' ಇನ್ನೂ ಚಿಕ್ಕದು. ಪ್ರಾಣಿಗಳ ಕಾರ್ಟೂನ್ ನೋಡುತ್ತಿರುವ ಪುಟ್ಟ ಹುಡುಗ ಪ್ರತಿಯೊಂದಕ್ಕೂ ತನಗೂ ಬರುತ್ತದೆ ಎಂದು ಕಾಂಗರೂವಿನಂತೆ ಕುಪ್ಪಳಿಸುತ್ತಾನೆ, ಮೀನಿನಂತೆ ಈಜುತ್ತಾನೆ. ಆಮೇಲೆ ಹಕ್ಕಿ ಹಾರುತ್ತದೆ. ಹುಡುಗ ಸುಮ್ಮನಾಗುತ್ತಾನೆ. ಮುಂದಿನ ದೃಶ್ಯದಲ್ಲಿ ಆಕಾಶದಲ್ಲಿ ಒಂದು ವಿಮಾನ. ಮನುಷ್ಯನಿಗೆ ಹಾರಲು ಬರುತ್ತದೆಯೇ, ಇಲ್ಲವೇ? ಒಂದು ವಿಜ್ಞಾನದ ಪಾಠವೇ ಇಲ್ಲಿಂದ ಶುರುವಾಗಬಹುದು.

ಇಷ್ಟು ಓದಿ ಕಿಯಾರೊಸ್ತಮಿ ಒಳ್ಳೆಯ ಹುಡುಗರ ಕಥೆ ಮಾತ್ರ ಹೇಳುತ್ತಾರೆಂದು ತಿಳಿಯಬೇಡಿ. 1974ರ 'ಪಯಣಿಗ' ಕಥಾಚಿತ್ರದ ಕಾಸಿಂ, ಟೆಹರಾನಿಗೆ ಹೋಗಿ ಫುಟ್‌ಬಾಲ್ ಪಂದ್ಯ ನೋಡಬೇಕೆಂಬ ಹಟದಿಂದ ಫಿಲ್ಮ್ ಇಲ್ಲದ ಕ್ಯಾಮೆರಾ ಹಿಡಿದು ಮಕ್ಕಳ ಫೋಟೋ ತೆಗೆದಂತೆ ನಟಿಸಿ ಹಣ ಕೀಳುತ್ತಾನೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಟೆಹರಾನ್ ತಲುಪುತ್ತಾನೆ, ಟಿಕೆಟ್ಟೂ ಸಿಗುತ್ತದೆ. ಪಂದ್ಯಕ್ಕೆ ಇನ್ನೂ ಸಮಯವಿದೆಯೆಂದು ಮಲಗಿದವನಿಗೆ ಎಚ್ಚರವಾಗುವ ಹೊತ್ತಿಗೆ ಕ್ರೀಡಾಂಗಣ ಖಾಲಿ. ಇದು ಶಿಕ್ಷೆಯೋ, ದುರದೃಷ್ಟವೋ? ಮೋಸ ಮಾಡಿದವನ ಮೇಲೂ ನಮಗೆ ಮರುಕ ಹುಟ್ಟುತ್ತದೆಯಲ್ಲ, ಅದು ಸರಿಯೋ? ನಿರ್ದೇಶಕರು ಮಾತಾಡುವುದಿಲ್ಲ.

ಶಿಸ್ತು ಮತ್ತು ಅಶಿಸ್ತು

1981ರ 'ಶಿಸ್ತೋ ಅಶಿಸ್ತೋ' ಚಿತ್ರದಲ್ಲಿ ಪ್ರಯೋಗ ಇನ್ನಷ್ಟು ಸ್ಪಷ್ಟವಾಗಿದೆ. ಶಾಲೆಯ ಮಕ್ಕಳು ತರಗತಿಯಿಂದ ಹೊರಬರುತ್ತಾರೆ, ನಲ್ಲಿಯಲ್ಲಿ ನೀರು ಕುಡಿಯುತ್ತಾರೆ, ಬಸ್ಸು ಹತ್ತುತ್ತಾರೆ. ಪ್ರತಿಯೊಂದನ್ನೂ ಎರಡು ಸಲ ನೋಡುತ್ತೇವೆ: ಒಮ್ಮೆ ಸಾಲಾಗಿ, ಒಮ್ಮೆ ನುಗ್ಗಾಟದಲ್ಲಿ. ಕ್ಲ್ಯಾಪ್ ಹೊಡೆಯುವ ಸದ್ದು, ನಿರ್ದೇಶಕರ ಧ್ವನಿ ಎಲ್ಲವೂ ಚಿತ್ರದಲ್ಲೇ ಉಳಿದಿವೆ. ನಮ್ಮೂರಿನ ಬಸ್ ನಿಲ್ದಾಣದಲ್ಲಿ ಟವೆಲ್ ಎಸೆದು ಸೀಟು ಹಿಡಿಯುವುದನ್ನು ಕಂಡವರಿಗೆ ಈ ಪಾಠ ಬೇಗ ಅರ್ಥವಾಗುತ್ತದೆ.

ಇಷ್ಟಾದ ಮೇಲೆ ಕ್ಯಾಮೆರಾ ಟೆಹರಾನಿನ ಒಂದು ವೃತ್ತಕ್ಕೆ ಹೋಗುತ್ತದೆ. ಈಗ ಶಿಸ್ತಿನ ಸಂಚಾರದ ದೃಶ್ಯ ಬೇಕು. ಆದರೆ ಇಲ್ಲಿ ಪಾತ್ರಧಾರಿಗಳು ಶಾಲೆಯ ಮಕ್ಕಳಲ್ಲ, ನಿಜವಾದ ಚಾಲಕರು, ನಿಜವಾದ ದಾರಿಹೋಕರು. ಯಾರೂ ನಿರ್ದೇಶಕರ ಮಾತು ಕೇಳುವವರಲ್ಲ. ಎಷ್ಟು ಪ್ರಯತ್ನಿಸಿದರೂ ಶಿಸ್ತಿನ ದೃಶ್ಯ ಸರಿಯಾಗಿ ಸಿಗದೆ ಚಿತ್ರತಂಡದವರು ಕ್ಯಾಮೆರಾದ ಹಿಂದೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು ಕೇಳಿಸುತ್ತದೆ. ಶಾಲೆಯಲ್ಲಿ ನಡೆದ ಪ್ರಯೋಗ ಬೀದಿಯಲ್ಲಿ ಕೈಕೊಡುತ್ತದೆ. ಹಾಗಾದರೆ ಮಕ್ಕಳ ಶಿಸ್ತು ಎಲ್ಲಿಂದ ಬಂದಿತ್ತು? ಅವರೊಳಗಿನಿಂದಲೋ, ನಿರ್ದೇಶಕರ ಆಜ್ಞೆಯಿಂದಲೋ? ಶಿಸ್ತಿನ ಪಾಠವೆಂದು ಆರಂಭವಾದ ಚಿತ್ರ ಶಿಸ್ತನ್ನೇ ಪ್ರಶ್ನಿಸಿ ಮುಗಿಯುತ್ತದೆ.

ಎರಡು ವರ್ಷಗಳ ನಂತರ, 1983ರಲ್ಲಿ, ಕಿಯಾರೊಸ್ತಮಿ ಮತ್ತೆ ಬೀದಿಗೆ ಬಂದರು. 'ನಗರವಾಸಿ' ಎಂಬ ಸಾಕ್ಷ್ಯಚಿತ್ರ. ಟೆಹರಾನಿನ ಮಧ್ಯಭಾಗಕ್ಕೆ ಪರವಾನಗಿ ಇಲ್ಲದ ಕಾರುಗಳು ಬರದಂತೆ ನಿರ್ಬಂಧಿಸಲಾಗಿತ್ತು. ಸಂಚಾರ ಪೊಲೀಸ್ ಅಧಿಕಾರಿಯೊಬ್ಬರು ನಿಂತು ಕಾರುಗಳನ್ನು ತಡೆಯುತ್ತಿದ್ದಾರೆ. ಬಂದವರೆಲ್ಲ ಒಂದೊಂದು ಕಾರಣ ಹೇಳಿ ಒಳಗೆ ಬಿಡಿ ಎಂದು ಬೇಡುತ್ತಾರೆ, ವಾದಿಸುತ್ತಾರೆ, ಪುಸಲಾಯಿಸುತ್ತಾರೆ. ಐವತ್ತು ನಿಮಿಷ ಇಷ್ಟೇ. ನೋಡುತ್ತಾ ನೋಡುತ್ತಾ ನಾವೇ ಆ ಅಧಿಕಾರಿಯ ಜಾಗದಲ್ಲಿ ನಿಲ್ಲುತ್ತೇವೆ: ಇವನ ಮಾತು ನಿಜವೇ? ಇವನನ್ನು ಬಿಟ್ಟರೆ ಹಿಂದಿನವನಿಗೆ ಏನು ಹೇಳುವುದು? ನಿಯಮ ಎಲ್ಲರಿಗೂ ಒಂದೇ ಎನ್ನುವುದು ಸುಲಭ, ಕಷ್ಟ ಎಲ್ಲರಿಗೂ ಒಂದೇ ಅಲ್ಲವಲ್ಲ.

ಕಿವಿಗೆ ಒಂದು ಪಾಠ

1982ರ 'ಮೇಳ' ಶಬ್ದದ ಕುರಿತ ಚಿತ್ರ. ಕಿವಿ ಮಂದವಾದ ಒಬ್ಬ ಅಜ್ಜ ಶ್ರವಣಯಂತ್ರ ಹಾಕಿಕೊಳ್ಳುತ್ತಾರೆ. ಬೀದಿಯ ಗದ್ದಲ ಹೆಚ್ಚಾದಾಗ ಯಂತ್ರ ತೆಗೆದುಬಿಡುತ್ತಾರೆ. ಆ ಕ್ಷಣವೇ ಚಿತ್ರದ ಶಬ್ದವೂ ನಿಂತುಹೋಗುತ್ತದೆ; ನಾವೂ ಅಜ್ಜನ ಕಿವಿಯಿಂದಲೇ ಕೇಳುತ್ತಿರುತ್ತೇವೆ. ನಮ್ಮ ಕಿವಿ ಮತ್ತು ಮೆದುಳು ಸೇರಿ ಬೇಕಾದ ಸದ್ದನ್ನು ಆರಿಸಿಕೊಳ್ಳುತ್ತವೆ. ಆ ಕಾಲದ ಶ್ರವಣಯಂತ್ರಕ್ಕೆ ಆ ವಿವೇಚನೆ ಇರಲಿಲ್ಲ. ಮೊಮ್ಮಗಳ ದನಿಯನ್ನೂ ರಸ್ತೆ ಅಗೆಯುವ ಯಂತ್ರದ ಆರ್ಭಟವನ್ನೂ ಒಂದೇ ರೀತಿ ದೊಡ್ಡದು ಮಾಡುತ್ತಿತ್ತು. ಹೀಗಾಗಿ ಅಜ್ಜ ಆರಿಸಿಕೊಳ್ಳಬೇಕಾದದ್ದು ಎಲ್ಲ ಸದ್ದು, ಇಲ್ಲವೇ ಯಾವ ಸದ್ದೂ ಇಲ್ಲ.

ಶಾಲೆ ಬಿಟ್ಟು ಮೊಮ್ಮಗಳು ಬಾಗಿಲಿಗೆ ಬರುತ್ತಾಳೆ. ಎಷ್ಟು ಕರೆದರೂ ಅಜ್ಜನಿಗೆ ಕೇಳಿಸುವುದಿಲ್ಲ. ಇತರ ಹುಡುಗಿಯರು ಒಬ್ಬೊಬ್ಬರಾಗಿ ಸೇರಿ ಒಂದೇ ದನಿಯಲ್ಲಿ ಅಜ್ಜನನ್ನು ಕೂಗುತ್ತಾರೆ. ಕೊನೆಗೆ ಅವರು ಕಿಟಕಿಗೆ ಬರುತ್ತಾರೆ. ಚಿತ್ರ ಮಾಡಿದ ವರ್ಷವನ್ನು ನೆನೆದು ಇದರಲ್ಲಿ ರಾಜಕೀಯದ ಅರ್ಥ ಕಾಣುವವರೂ ಇದ್ದಾರೆ. ಕಾಣದಿದ್ದರೂ ಚಿತ್ರಕ್ಕೆ ಕುಂದಿಲ್ಲ.

ಬದಲಾದ ನ್ಯಾಯಾಧೀಶರು

ಈಗ ಮೊದಲ ಪ್ರಶ್ನೆಗೆ ಬರೋಣ. ಚಿತ್ರದ ಹೆಸರು 'ಮೊದಲ ಪ್ರಕರಣ, ಎರಡನೆಯ ಪ್ರಕರಣ'. ಅವಧಿ ಐವತ್ತು ನಿಮಿಷಕ್ಕೆ ತುಸು ಹೆಚ್ಚು. ಮೇಷ್ಟ್ರು ಹಲಗೆಯ ಮೇಲೆ ಬರೆಯುತ್ತಿರುವುದು, ಸ್ವಾರಸ್ಯವೆಂದರೆ, ಕಿವಿಯ ಚಿತ್ರ. ಮೊದಲ ಪ್ರಕರಣದಲ್ಲಿ ಹೊರಗೆ ನಿಂತ ಹುಡುಗರಲ್ಲಿ ಒಬ್ಬ ಒಳಗೆ ಬಂದು ಹೆಸರು ಹೇಳಿ ತನ್ನ ಜಾಗದಲ್ಲಿ ಕೂರುತ್ತಾನೆ. ಎರಡನೆಯದರಲ್ಲಿ ಯಾರೂ ಹೇಳುವುದಿಲ್ಲ; ಎಲ್ಲರೂ ವಾರ ಪೂರ್ತಿ ಹೊರಗೆ ನಿಲ್ಲುತ್ತಾರೆ. ಪ್ರತಿ ಪ್ರಕರಣದ ನಂತರ ದೊಡ್ಡವರು ತಮ್ಮ ಅಭಿಪ್ರಾಯ ಹೇಳುತ್ತಾರೆ.

ಚಿತ್ರ ಶುರುವಾದದ್ದು ಇರಾನಿನಲ್ಲಿ ದೊರೆ ಷಾನ ಆಳ್ವಿಕೆಯ ಕೊನೆಯ ದಿನಗಳಲ್ಲಿ. ಆ ಆಳ್ವಿಕೆಯಲ್ಲಿ 'ಸಾವಾಕ್' ಎಂಬ ಗುಪ್ತ ಪೊಲೀಸ್ ಸಂಸ್ಥೆ ಇತ್ತು. ನೆರೆಯವರ, ಗೆಳೆಯರ ಮೇಲೆ ವರದಿ ಕೊಡುವವರನ್ನು ಎಲ್ಲೆಡೆ ಇಟ್ಟಿತ್ತು. ಅಲ್ಲಿ 'ಹೆಸರು ಹೇಳುವುದು' ಶಾಲೆಯ ಆಟದ ಮಾತಾಗಿರಲಿಲ್ಲ. 1979ರ ಜನವರಿಯಲ್ಲಿ ಷಾ ದೇಶ ಬಿಟ್ಟರು, ಕ್ರಾಂತಿ ಗೆದ್ದಿತು. ಕಿಯಾರೊಸ್ತಮಿ ಹುಡುಗರ ದೃಶ್ಯಗಳನ್ನು ಹಾಗೆಯೇ ಇಟ್ಟುಕೊಂಡು ಹೊಸ ಕಾಲದ ಪ್ರಮುಖರ ಅಭಿಪ್ರಾಯ ಪಡೆದರು. ಪ್ರಯೋಗ ಅದೇ, ಬದಲಾದದ್ದು ತೀರ್ಪು ಕೊಡುವವರು.

ಹೊಸ ಸರ್ಕಾರದ ವಿದೇಶಾಂಗ ಸಚಿವ ಇಬ್ರಾಹಿಂ ಯಜ್ದಿ, ಆಗ ರೇಡಿಯೋ ಟಿ.ವಿ. ಮುಖ್ಯಸ್ಥರಾಗಿದ್ದ ಸಾದಿಕ್ ಕುತ್ಬ್‌ಜಾದೆ, ಮರಣದಂಡನೆಗಳಿಗೆ ಹೆಸರಾದ ನ್ಯಾಯಾಧೀಶ ಸಾದಿಕ್ ಖಲ್ಖಾಲಿ, ಕಮ್ಯುನಿಸ್ಟರ ತೂದೆ ಪಕ್ಷದ ನಾಯಕ ನೂರುದ್ದೀನ್ ಕಿಯಾನೂರಿ, ಬೇರೆ ಬೇರೆ ಮತಗಳ ಧರ್ಮಗುರುಗಳು - ಒಬ್ಬರಾದ ಮೇಲೊಬ್ಬರು ಕ್ಯಾಮೆರಾದ ಮುಂದೆ ಕೂರುತ್ತಾರೆ. ಹಲವರು ಬಾಯಿ ಬಿಡದ ಹುಡುಗರ ಒಗ್ಗಟ್ಟನ್ನು ಮೆಚ್ಚುತ್ತಾರೆ. ಗೆಳೆಯರ ನಡುವೆ ಒಡಕು ತರುವ ಶಿಕ್ಷೆ ಕೊಟ್ಟ ಮೇಷ್ಟ್ರದೇ ತಪ್ಪು ಎನ್ನುವವರೂ ಇದ್ದಾರೆ.

ಆಮೇಲೆ ನಡೆದದ್ದನ್ನು ಕೇಳಿ. ಚಿತ್ರ ಬಹುಬೇಗ ನಿಷೇಧವಾಯಿತು. 1979ರ ನವೆಂಬರ್‌ನಲ್ಲಿ ಯಜ್ದಿ ಅಧಿಕಾರದಿಂದ ಹೊರಬಂದರು. ಕುತ್ಬ್‌ಜಾದೆಯವರನ್ನು ಅವರೇ ತರಲು ಹೆಣಗಿದ ಆಡಳಿತ 1982ರಲ್ಲಿ ಸಂಚಿನ ಆರೋಪದ ಮೇಲೆ ಗುಂಡಿಕ್ಕಿ ಕೊಂದಿತು. 1983ರಲ್ಲಿ ತೂದೆ ಪಕ್ಷ ನಿಷೇಧವಾಗಿ ಕಿಯಾನೂರಿ ಸೆರೆಮನೆ ಸೇರಿದರು. ಹೆಸರು ಹೇಳದವರನ್ನು ಹೊಗಳಿದ ಕಾಲ ಮುಗಿದು ಮತ್ತೆ ಹೆಸರು ಕೇಳುವ ಕಾಲ ಬಂದಿತ್ತು. ಸುಮಾರು ಮೂವತ್ತು ವರ್ಷಗಳ ನಂತರ, 2009ರ ಹೊತ್ತಿಗೆ ಚಿತ್ರ ಮತ್ತೆ ಬೆಳಕಿಗೆ ಬಂತು. ಈಗ ನೋಡುವಾಗ ಆ ಉತ್ತರಗಳೆಲ್ಲ ಬೇರೆಯಾಗಿ ಕೇಳಿಸುತ್ತವೆ. ತರಗತಿಯ ಹುಡುಗರ ಬಗ್ಗೆ ತೀರ್ಪು ಕೊಡುತ್ತೇವೆಂದು ಅವರು ಕುಳಿತರು. ಕ್ಯಾಮೆರಾ ಅವರನ್ನೇ ದಾಖಲೆ ಮಾಡಿಕೊಂಡಿತು.

ಹುಡುಗರ ಹತ್ತು ನಿಮಿಷದ ಕಥೆಗೆ ಇಂಥ ಶಕ್ತಿ ಎಲ್ಲಿಂದ ಬಂತು? ಅದು ಯಾವ ಪಕ್ಷವನ್ನೂ ಹಿಡಿಯಲಿಲ್ಲ ಎಂಬುದರಿಂದ. ಘೋಷಣೆಯ ಚಿತ್ರವನ್ನು ಆಳುವವರು ತಮಗೆ ಬೇಕಾದಂತೆ ಬಳಸಿಕೊಳ್ಳಬಹುದು. ಪ್ರಶ್ನೆಯನ್ನು ಹಾಗೆ ಬಳಸಿಕೊಳ್ಳಲಾಗುವುದಿಲ್ಲ. ಅದಕ್ಕೆ ಉತ್ತರಿಸಬೇಕು, ಇಲ್ಲವೇ ಅದನ್ನು ಬಚ್ಚಿಡಬೇಕು.

ಮನೆಪಾಠ

1989ರ 'ಮನೆಪಾಠ' ಚಿತ್ರದಲ್ಲಿ ಪ್ರಶ್ನೆ ಕೇಳುವ ಜಾಗಕ್ಕೆ ಕಿಯಾರೊಸ್ತಮಿಯೇ ಬರುತ್ತಾರೆ. ತಮ್ಮ ಮಗನ ಮನೆಪಾಠದ ತೊಂದರೆಯೇ ಇದಕ್ಕೆ ಕಾರಣವೆಂದು ಆರಂಭದಲ್ಲೇ ಹೇಳುತ್ತಾರೆ. ಟೆಹರಾನಿನ ಒಂದು ಶಾಲೆಯ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳುತ್ತಾರೆ: ಮನೆಯಲ್ಲಿ ಯಾರು ಪಾಠ ಹೇಳಿಕೊಡುತ್ತಾರೆ? ಕಾರ್ಟೂನ್ ಇಷ್ಟವೋ, ಮನೆಪಾಠ ಇಷ್ಟವೋ? ಮಕ್ಕಳು ಮನೆಪಾಠವೇ ಇಷ್ಟ ಎನ್ನುತ್ತಾರೆ! ಅದು ನಿಜವಲ್ಲವೆಂದು ಅವರಿಗೂ ಗೊತ್ತು, ನಮಗೂ ಗೊತ್ತು. 'ಶಿಕ್ಷೆ' ಎಂದರೇನು ಎಂದರೆ ಥಟ್ಟನೆ ಉತ್ತರ ಬರುತ್ತದೆ. ಬೆಲ್ಟಿನ ಏಟಿನ ಮಾತೂ ಬರುತ್ತದೆ. 'ಪ್ರೋತ್ಸಾಹ' ಎಂದರೇನು ಎಂದರೆ ಹಲವರಿಗೆ ಆ ಪದವೇ ಗೊತ್ತಿಲ್ಲ. ಅನಕ್ಷರಸ್ಥ ತಂದೆತಾಯಿಗಳು ಪಾಠ ಹೇಳಿಕೊಡಲಾರದ ಸಂಕಟವೂ ಮಕ್ಕಳ ಮಾತಿನಲ್ಲೇ ಹೊರಬರುತ್ತದೆ.

ಕೊನೆಗೆ ಮಜೀದ್ ಎಂಬ ಹುಡುಗ ಬರುತ್ತಾನೆ. ಗೆಳೆಯ ಪಕ್ಕದಲ್ಲಿ ಇಲ್ಲದಿದ್ದರೆ ಹೆದರಿ ಅಳುತ್ತಾನೆ. ಗೆಳೆಯನನ್ನು ಕರೆಸಿ ನಿಲ್ಲಿಸಿದ ಮೇಲೆ ಪದ್ಯವೊಂದನ್ನು ಪೂರ್ತಿಯಾಗಿ ಒಪ್ಪಿಸುತ್ತಾನೆ. ಮಕ್ಕಳ ಎದುರು ಕೂತ ಕ್ಯಾಮೆರಾ, ಕಪ್ಪು ಕನ್ನಡಕದ ನಿರ್ದೇಶಕ - ಇವೂ ಹೆದರಿಸುವ ಮೇಷ್ಟ್ರಂತೆಯೇ ಕಾಣುತ್ತವೆ. ಕಿಯಾರೊಸ್ತಮಿ ಅದನ್ನು ಮುಚ್ಚಿಡುವುದಿಲ್ಲ. ಕ್ಯಾಮೆರಾವನ್ನೇ ಮತ್ತೆ ಮತ್ತೆ ತೋರಿಸುತ್ತಾರೆ. ಪ್ರಶ್ನೆ ಕೇಳುವವನೂ ಪರೀಕ್ಷೆಗೆ ಒಳಗಾಗಬೇಕು ಎಂಬ ಪ್ರಾಮಾಣಿಕತೆ ಅದು.

ನೋಡುವುದು ಹೇಗೆ?

ಕಿಯಾರೊಸ್ತಮಿ 2016ರ ಜುಲೈ 4ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅನಂತರದ ವರ್ಷಗಳಲ್ಲಿ ಈ ಚಿತ್ರಗಳಲ್ಲಿ ಹಲವನ್ನು ಶುಚಿಗೊಳಿಸಿ ಡಿಜಿಟಲ್ ರೂಪದಲ್ಲಿ ಹೊರತಂದಿದ್ದಾರೆ. ಇವನ್ನು ನೋಡಲು ದೊಡ್ಡ ಸಿದ್ಧತೆ ಬೇಕಿಲ್ಲ. ಐದು ನಿಮಿಷದ ಚಿತ್ರದಿಂದ ಆರಂಭಿಸಿ. ಸಾಧ್ಯವಾದರೆ ನಾಲ್ಕೈದು ಮಂದಿ ಸೇರಿ ನೋಡಿ. ಚಿತ್ರ ಮುಗಿದ ತಕ್ಷಣ ಮಾತಾಡಬೇಡಿ; ಪ್ರತಿಯೊಬ್ಬರೂ ತಮಗೆ ತೋಚಿದ ಉತ್ತರವನ್ನು ಮೊದಲು ಚೀಟಿಯಲ್ಲಿ ಬರೆಯಿರಿ, ಆಮೇಲೆ ಓದಿ. ಪಕ್ಕದವರ ಉತ್ತರ ಕೇಳಿ ನಮ್ಮ ಉತ್ತರ ಬದಲಾಗುವುದು ಎಷ್ಟು ಸುಲಭ ಎಂಬುದು ಆಗ ತಿಳಿಯುತ್ತದೆ.

ಚರ್ಚೆಗೆ ಕೆಲವು ಪ್ರಶ್ನೆಗಳು

1. 'ಬ್ರೆಡ್ಡು ಮತ್ತು ಗಲ್ಲಿ'ಯ ಎರಡನೆಯ ಹುಡುಗ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಿಮ್ಮ ಪರಿಹಾರದಿಂದ ಮೂರನೆಯವನಿಗೆ ಏನಾಗುತ್ತದೆ?

2. ನಿಮ್ಮ ಶಾಲೆ ಅಥವಾ ಕಾಲೇಜಿನ ಬಸ್ಸು ಹತ್ತಲು ಸಾಲಿನಲ್ಲಿ ಎಷ್ಟು ಸಮಯ, ನುಗ್ಗಾಟದಲ್ಲಿ ಎಷ್ಟು ಸಮಯ? ಗಡಿಯಾರ ಹಿಡಿದು ಅಳೆಯಿರಿ. ಎರಡೂ ಸಲ ಒಂದೇ ಆಗಿರಬೇಕಾದ ಅಂಶಗಳು ಯಾವುವು?

3. ಕುಟ್ಟಿದ್ದು ಬರಿಯ ಡೆಸ್ಕು. ಅದರ ಬದಲು ಸಹಪಾಠಿಯೊಬ್ಬನಿಗೆ ಪೆಟ್ಟು ಬಿದ್ದಿದ್ದರೆ, ಹೆಸರು ಹೇಳಬೇಕೇ ಬೇಡವೇ ಎಂಬ ನಿಮ್ಮ ಉತ್ತರ ಬದಲಾಗುತ್ತದೆಯೇ? ಬದಲಾದರೆ, ಗೆರೆ ಎಲ್ಲಿ ಎಳೆಯುತ್ತೀರಿ?

4. ಅದೇ ಪ್ರಶ್ನೆಯನ್ನು ಮನೆಯಲ್ಲಿ ತಂದೆತಾಯಿಗೆ, ಶಾಲೆಯಲ್ಲಿ ಮೇಷ್ಟ್ರಿಗೆ ಕೇಳಿ. ಉತ್ತರದ ಜೊತೆಗೆ, ಉತ್ತರಿಸುವ ಮೊದಲು ಅವರು ಎಷ್ಟು ಹೊತ್ತು ಯೋಚಿಸಿದರು ಎಂಬುದನ್ನೂ ಗಮನಿಸಿ.